ಗೂಟದವರ ಮನೆ

ನರಗುಂದದ ಗುಡ್ಡದ ಬುಡಕ್ಕೆ ಆತುಕೊಂಡ ಓಣಿಯಲ್ಲಿ ನಮ್ಮ ಮನೆ. ಎರಡು ಪಂಕ್ತಿ ಹಾಕಿದರೂ ಉಳಿದವರು ಅಡುಗೆಮನೆಯ ಒಲೆ ಮುಂದೆ ಕೂತು ಉಣ್ಣಬೇಕಾದಷ್ಟು ಮಂದಿ. ಅಷ್ಟು ಮಂದಿಯ ಅಂಗಿ, ಧೋತರ, ರುಮಾಲು, ಪಾಟೀಚೀಲ, ಛತ್ರಿಗಳಿಗೆ ಮನೆಯಲ್ಲಿ ಜಾಗವೇ ಇರಲಿಲ್ಲ. ಬಾಗಿಲ ಹಿಂದಿನ ಮೊಳೆಗಳಲ್ಲಿ ಬಟ್ಟೆಯ ಮೇಲೆ ಬಟ್ಟೆ ಬಿದ್ದು, ತನ್ನ ಅಂಗಿ ಬೇಕಾದವನು ಮೊದಲು ಊರವರ ಅಂಗಿಯನ್ನೆಲ್ಲ ಇಳಿಸಬೇಕಾಗುತ್ತಿತ್ತು. ನಮ್ಮ ಕಾಕಾ ಒಮ್ಮೆ ಅವಸರದಲ್ಲಿ ಅಪ್ಪನ ಅಂಗಿ ತೊಟ್ಟು ಹತ್ತಿ ಮಾರ್ಕೆಟ್ಟಿಗೆ ಹೋಗಿಬಿಟ್ಟಿದ್ದ; ಅಪ್ಪ ಸಂಜೆಯವರೆಗೆ ಬರಿ ಬನಿಯನ್ನಿನಲ್ಲಿ ಕೂತು ಬೈದ. ಇಂಥ ಮನೆಯ ಪಡಸಾಲೆಯಲ್ಲಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಗೋಡೆಯಲ್ಲಿ, ಎರಡು ದಪ್ಪನೆಯ ಸಾಗವಾನಿ ಗೂಟಗಳಿದ್ದವು. ತಲೆತಲಾಂತರದ ಎಣ್ಣೆ ಕುಡಿದು ಕಪ್ಪಗೆ ಮಿಂಚುತ್ತಿದ್ದವು. ಅವುಗಳ ಮೇಲೆ ಒಂದು ಟೊಪ್ಪಿಗೆ ಕೂಡ ಇಡುವಂತಿರಲಿಲ್ಲ.

ಗೊತ್ತಿಲ್ಲದ ಬೀಗರು ಬಂದು, ಬಿಸಿಲಿಗೆ ಬೆವೆತ ರುಮಾಲನ್ನು ಬಿಚ್ಚಿ ಆ ಗೂಟದತ್ತ ಕೈ ಚಾಚಿದರೆ ಸಾಕು, ಮನೆಯ ನಾಲ್ಕೂ ಮೂಲೆಯಿಂದ ಒಂದೇ ಕೂಗು ಏಳುತ್ತಿತ್ತು.

“ಏ ಏ ಏ! ಅಲ್ಲ್ಯಲ್ರಿ, ಅಲ್ಲ್ಯಲ್ಲ!”

ಪಾಪ, ಬೀಗರು ಹಾವು ತುಳಿದವರಂತೆ ಹಿಂದೆ ಸರಿಯುತ್ತಿದ್ದರು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಬೆಳೆದ ನನ್ನ ಅವ್ವನಿಗೆ ಇದು ಕೊನೆಯವರೆಗೂ ಅರಗಲಿಲ್ಲ. ಅವಳ ತವರಿನಲ್ಲಿ ಗೂಟವೆಂದರೆ ನೂಲಿನ ಲಡಿ ತೂಗುಬಿಡುವ ಜಾಗ. ‘ನಮ್ಮೂರಾಗ ಗೂಟಾನೂ ದುಡೀತಾವ, ಇಲ್ಲೆ ಕುಂತು ಪೂಜಿ ಮಾಡಿಸ್ಕೋತಾವ’ ಎಂದು ಒದ್ದೆ ಬಟ್ಟೆಯ ರಾಶಿ ಹೊತ್ತು ನಿಂತಾಗಲೆಲ್ಲ ಗೊಣಗುತ್ತಿದ್ದಳು. ಗೊಣಗಿದರೂ ಅವಳ ಕೈ ಆ ಕಡೆ ಹೋಗುತ್ತಿರಲಿಲ್ಲ.

ಗೂಟಗಳ ಮೇಲೆ ಒಂದು ಕಾಲಕ್ಕೆ ಖಡ್ಗವೊಂದು ಮಲಗಿತ್ತು. ನನ್ನ ಅಜ್ಜನ ಮುತ್ತ್ಯಾ, ಅಂದರೆ ಅವನ ಅಜ್ಜ, ಕೋಟೆಯ ಅರಸರ ಪದರಿನಲ್ಲಿ ಚಾಕರಿಗಿದ್ದವನು, ಖಡ್ಗ ಅವನದು. ಕುಂಪಣಿ ಸರಕಾರ ಊರೂರಿಗೆ ಡಂಗುರ ಹೊಡೆಸಿ, ಮಂದಿ ತಮ್ಮ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಹೇಳಿದ ಕಾಲದಲ್ಲಿ ಅದು ಮನೆ ಬಿಟ್ಟು ಹೋಯಿತು. ಅದಾದ ಮೇಲೆ ಗುಡ್ಡದ ಮೇಲಿನ ಅರಸರು ಕುಂಪಣಿಗೆ ಎದುರುಬಿದ್ದರು, ಸೋತರು, ಗಲ್ಲಿಗೇರಿದರು. ಕೋಟೆ ಹೋಯಿತು, ಕುಂಪಣಿಯೂ ಹೋಯಿತು, ಬಿಳಿಯರೂ ಹೋದರು. ನಮ್ಮ ಮನೆಯಲ್ಲಿ ಗೂಟ ಉಳಿದವು. ಮಾನೌಮಿಯ ಖಂಡೇಪೂಜೆಯ ದಿನ ಬೇರೆಯವರ ಮನೆಯಲ್ಲಿ ಕುಡಗೋಲು, ಕೊಡಲಿ, ತಕ್ಕಡಿ, ಹೊಲಿಗೆ ಮಷೀನುಗಳಿಗೆ ಪೂಜೆಯಾದರೆ, ನಮ್ಮಲ್ಲಿ ಖಾಲಿ ಗೂಟಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವು, ಹೂರಣದ ಹೋಳಿಗೆಯ ಎಡೆ. ಊರವರು ಸುಮ್ಮನೆ ಬಿಟ್ಟಾರೆ? ನಮಗೆ ‘ಗೂಟದವರು’ ಎಂದೇ ಹೆಸರು ಬಿತ್ತು. ಶಾಲೆಯಲ್ಲಿ ಗುರುಗಳು ಕೂಡ ಹಾಜರಿ ಕರೆಯುವಾಗ ನನ್ನ ಅಡ್ಡಹೆಸರು ಮರೆತು ‘ಗೂಟದವರ ಗಿರಿಜಾ’ ಎನ್ನುತ್ತಿದ್ದರು. ನನಗೆ ಅದರಿಂದ ಅವಮಾನವಾಗುತ್ತಿರಲಿಲ್ಲ. ತಲೆ ಎತ್ತಿ ‘ಹಾಜರ್ರಿ’ ಎನ್ನುತ್ತಿದ್ದೆ. ಯಾಕೆಂದರೆ ಅಜ್ಜ ಹೇಳುತ್ತಿದ್ದ ಕತೆ ನನ್ನ ಹೊಟ್ಟೆಯಲ್ಲಿತ್ತು.

ದಸರೆಯ ಸಂಜೆ ಬನ್ನಿ ಕೊಡಲು ಬಂದವರು ಪಡಸಾಲೆಯ ತುಂಬ ಕೂತಿರುವಾಗ ಅಜ್ಜ ಆ ಕತೆ ಹೇಳುತ್ತಿದ್ದ. ಹೇಳಲು ಯಾರಾದರೂ ಕೇಳಬೇಕು ಎಂಬುದೇನೂ ಇರಲಿಲ್ಲ.

“ಕುಂಪಣಿ ಸಿಪಾಯಿಗಳು ಮನಿ ಹೊಕ್ರು. ನಮ್ಮ ಮುತ್ತ್ಯಾ ಇದ ಬಾಗಲದಾಗ ಅಡ್ಡ ನಿಂತ. ನಾಕ್ ಮಂದಿ ರಟ್ಟಿ ಹಿಡದ್ರು, ಐದನೇದಾಂವ ಖಡ್ಗ ಕಸಗೊಂಡ. ಕಸಗೊಂಡ್ರು, ಏನ್ ತಿಳೀತು? ಆದ್ರ ಒಂದಿಲ್ಲೊಂದ್ ದಿನ ಅದು ವಾಪಸ್ ಬರತೈತಿ. ಬಂದಾಗ ಅದಕ್ಕ ಅದರ ಜಾಗ ಇರಬೇಕು.”

ರಟ್ಟೆ ಹಿಡಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ನಾನು ಶಾಲೆಗೆ ಹೋಗುವ ಹೊತ್ತಿಗೆ ಹತ್ತರ ಹತ್ತಿರ ಬಂದಿತ್ತು. ಕೇಳುವವರಲ್ಲಿ ಪಕ್ಕದ ಮನೆಯ ಇಮಾಮಸಾಬ ಕಾಕಾ ಯಾವಾಗಲೂ ಇರುತ್ತಿದ್ದರು. ಅವರದು ಶಿಕಲಗಾರರ ಮನೆ. ಹಿಂದೆ ಖಡ್ಗ, ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದ ಮನೆತನ. ಖಡ್ಗಗಳೆಲ್ಲ ಹೋದ ಮೇಲೆ ಕುಡಗೋಲು, ಕತ್ತರಿ, ಕ್ಷೌರದ ಕತ್ತಿಗೆ ಇಳಿದವರು. ಅಜ್ಜ ‘ಕಸಗೊಂಡ್ರು’ ಎಂದಾಗಲೆಲ್ಲ ಅವರು ತಲೆ ತಗ್ಗಿಸಿ ಬನ್ನಿ ಎಲೆಗಳನ್ನು ಬೆರಳಲ್ಲಿ ತಿರುವುತ್ತಿದ್ದರು. ದುಃಖಕ್ಕೆ ಹಾಗೆ ಮಾಡುತ್ತಾರೆಂದು ನಾನು ತಿಳಿದಿದ್ದೆ.

ಅಜ್ಜನಿಗೆ ರೇಡಿಯೋ ಹುಚ್ಚು. ಸಂಜೆಯ ವಾರ್ತೆಯ ಹೊತ್ತಿಗೆ ಮನೆಯಲ್ಲಿ ಕೂಸು ಅಳುವಂತಿರಲಿಲ್ಲ, ಒಳಕಲ್ಲು ಸದ್ದು ಮಾಡುವಂತಿರಲಿಲ್ಲ. ಆ ವರ್ಷಗಳಲ್ಲಿ ಆಫ್ರಿಕಾದ ದೇಶಗಳು ಒಂದರ ಹಿಂದೆ ಒಂದು ಬಿಡುಗಡೆಯಾಗುತ್ತಿದ್ದವು. ಎಲ್ಲಿಯದೋ ಒಂದು ಬಾವುಟ ಇಳಿದು ಇನ್ನೊಂದು ಏರಿತೆಂದು ರೇಡಿಯೋ ಹೇಳಿದ ಕೂಡಲೇ ಅಜ್ಜ ಎದ್ದು, ಗಡಿಗೆಯಿಂದ ಬೆಲ್ಲ ತೆಗೆದು, ಮಕ್ಕಳಿಗೆಲ್ಲ ಒಂದೊಂದು ತುಂಡು ಹಂಚುತ್ತಿದ್ದ. ಹೆಸರು ಹೇಳಲು ನಾಲಿಗೆ ತಿರುಗದ ದೇಶಗಳ ಬೆಲ್ಲವನ್ನು ನಾವು ತಿಂದಿದ್ದೇವೆ. ನನ್ನ ತಮ್ಮ ಮಲ್ಲಪ್ಪನಂತೂ ಹಗಲೆಲ್ಲ ಅಜ್ಜನ ಹಿಂದೆ ಬೀಳುತ್ತಿದ್ದ.

“ಅಜ್ಜಾ, ಇವತ್ತ ಯಾರೂ ಬಿಡುಗಡಿ ಆಗಲಿಲ್ಲೇನ?”

“ಇಲ್ಲೋ ಮಗನ. ನಾಳಿ ಆಗ್ತಾರ ತಡಿ.”

ಭೂಗೋಳ ನನಗೆ ಹತ್ತಿದ್ದು ಹೀಗೆ. ಶಾಲೆಯ ನಕಾಶೆಯಲ್ಲಿ ಬೆಲ್ಲ ತಿಂದ ದೇಶಗಳನ್ನು ಹುಡುಕುತ್ತ ಹುಡುಕುತ್ತ, ಮುಂದೆ ರೋಣದಲ್ಲಿ ಅದನ್ನೇ ಕಲಿಸುವ ಮಾಸ್ತರಿಣಿಯಾದೆ. ಲೋಕ ಒಂದೇ ದಿಕ್ಕಿಗೆ ಹೊರಟಿದೆ, ಕಸಿದುಕೊಂಡವರು ಒಬ್ಬೊಬ್ಬರಾಗಿ ಹಿಂದಕ್ಕೆ ಕೊಟ್ಟು ಮನೆಗೆ ಹೋಗುತ್ತಿದ್ದಾರೆ, ಕೊನೆಗೊಂದು ದಿನ ನಮ್ಮ ಖಡ್ಗವೂ ಹಡಗು ಹತ್ತಿ ಬರುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ಆ ವಯಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ನಾನು ದೇವರನ್ನೂ ನಂಬಿರಲಿಲ್ಲ.

ಹಡಗೇನೋ ಬಂತು. ಖಡ್ಗ ಬರಲಿಲ್ಲ, ಜೋಳ ಬಂತು. ಮಳೆ ಸರಿಯಾಗಿ ಆಗದ ಒಂದೆರಡು ವರ್ಷ ರೇಶನ್ ಅಂಗಡಿಯಲ್ಲಿ ಅಮೇರಿಕದ ಕೆಂಪು ಜೋಳ ಕೊಡತೊಡಗಿದರು. ಶಾಲೆಯಲ್ಲಿ ಮಕ್ಕಳಿಗೆ ಅವರದೇ ಹಾಲಿನ ಪುಡಿ, ಅವರದೇ ರವೆಯ ಉಪ್ಪಿಟ್ಟು. ಬಿಳಿಜೋಳದ ಸೀಮೆಯ ಬಾಯಿಗೆ ಆ ಕೆಂಪು ಜೋಳ ಹತ್ತೀತು ಹೇಗೆ? ಹಿಟ್ಟಿಗೆ ಜಿಗಿ ಇರಲಿಲ್ಲ. ಬಡಿಯುವಾಗಲೇ ರೊಟ್ಟಿ ಅಂಚಿನಿಂದ ಸೀಳುತ್ತಿತ್ತು. ಹಂಚಿಗೆ ಹಾಕುವ ಹೊತ್ತಿಗೆ ಎರಡಾಗುತ್ತಿತ್ತು. ಅಜ್ಜ ಮೊದಲ ದಿನವೇ ತಾಟು ಸರಿಸಿದ.

“ಏಳು ಸಮುದ್ರದ ಆಚಿಂದ ಯಾರೂ ಪುಕ್ಕಟ ಕಾಳ ಕಳಸೂದಿಲ್ಲ. ನನಗ ಬ್ಯಾಡ. ಅಂಬಲಿ ಇದ್ರ ಕೊಡು.”

ನಾವು ಆಯಿ ಎನ್ನುತ್ತಿದ್ದ ಅಜ್ಜಿ ಅಂಬಲಿ ಕೊಟ್ಟಳು. ಮರುದಿನದಿಂದ ಕೆಂಪು ಹಿಟ್ಟಿಗೆ ನಮ್ಮ ಹೊಲದ ಬಿಳಿ ಹಿಟ್ಟನ್ನು ಬೆರೆಸಿ, ಕುದಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಪುಂಡಿಪಲ್ಯದ ಜೊತೆ ಅಜ್ಜನ ಮುಂದಿಟ್ಟಳು. ಅಜ್ಜ ಎರಡು ರೊಟ್ಟಿ ತಿಂದು, ‘ಇದು ನೋಡು ರೊಟ್ಟಿ ಅಂದ್ರ’ ಎಂದ. ಅಡುಗೆಮನೆಯಲ್ಲಿ ಹೆಣ್ಣುಮಕ್ಕಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಆಯಿ ಮಾತ್ರ ನಗಲಿಲ್ಲ. ‘ನಗಬ್ಯಾಡ್ರಿ, ಹಸಿವು ದೊಡ್ಡದು’ ಎಂದಳು.

ಆಗಷ್ಟೇ ಕಾಕಾನ ಮದುವೆಯಾಗಿ ಸವಡಿಯಿಂದ ಶಾಂತವ್ವ ಚಿಗವ್ವ ಮನೆಗೆ ಬಂದಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು ಅಷ್ಟೆ. ಸುಮ್ಮನೆ ಕೂರುವ ಜೀವವಲ್ಲ. ಹರಿದದ್ದನ್ನು ಕಂಡರೆ ಸೂಜಿ ಹುಡುಕುವವಳು. ಕಾಕಾ ರೇಶನ್ ಅಂಗಡಿಯಿಂದ ತಂದಿದ್ದ ಅಮೇರಿಕದ ಜೋಳದ ಖಾಲಿ ಚೀಲವನ್ನು ಅವಳು ಒಗೆದು, ಕತ್ತರಿಸಿ, ಹಿಡಿಕೆ ಹಚ್ಚಿ, ಸಂತೆಗೆ ಒಯ್ಯುವ ಚಂದದ ಕೈಚೀಲ ಹೊಲಿದಳು. ಚೀಲದ ಮೇಲಿನ ಚಿತ್ರ ಎದುರಿಗೆ ಬರುವಂತೆ ಹೊಲಿದದ್ದು ಅವಳ ಜಾಣತನ. ಆ ಕಾಲದವರಿಗೆಲ್ಲ ಆ ಚಿತ್ರ ಗೊತ್ತು: ಒಂದನ್ನೊಂದು ಹಿಡಿದು ಕುಲುಕುವ ಎರಡು ಕೈಗಳು. ಚೀಲವಾಯಿತು, ಇಡುವುದೆಲ್ಲಿ? ಮೊಳೆಗಳೆಲ್ಲ ತುಂಬಿವೆ. ಅಜ್ಜ ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ ಚಿಗವ್ವ ಪಡಸಾಲೆಯ ಗೂಟಕ್ಕೆ ಆ ಚೀಲವನ್ನು ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡು ಒಳಗೆ ಹೋದಳು.

ಅಜ್ಜ ಬಂದು ನೋಡಿದ. ಆಮೇಲೆ ಓಣಿಯೆಲ್ಲ ಕೇಳುವಂತೆ ಕೂಗಾಡಿದ.

“ಯಾರಿದು? ಯಾರ್ ಹಾಕಿದ್ರಿ ಇದನ್ನ? ನಮ್ಮ ಖಡ್ಗ ಕಸಗೊಂಡವರ ಅಣ್ಣತಮ್ಮರ ಚೀಲ ತಂದು ಅದರ ಜಾಗಾದಾಗ ತೂಗಹಾಕೀರಲ್ಲ!”

ಚಿಗವ್ವ ಬಾಗಿಲಲ್ಲಿ ಬಂದು ನಿಂತಳು.

“ನಾನ್ರಿ ಮಾವಾರ. ಅರಿವಿ ಹಾಕಬ್ಯಾಡ ಅಂದಿದ್ರಿ ಎಲ್ಲಾರೂ. ಇದು ಅರಿವಿ ಅಲ್ಲಲ್ರಿ... ಚೀಲ ಐತ್ರಿ.”

ನಾವು ಮಕ್ಕಳು ಕಿಸಕ್ಕನೆ ನಕ್ಕೆವು. ಅವ್ವ ಕೈಗೆ ಸಿಕ್ಕವರ ಬೆನ್ನಿಗೆ ಒಂದೊಂದು ಬಾರಿಸಿದಳು. ಅಜ್ಜನ ಸಿಟ್ಟು ಇಳಿಯಲಿಲ್ಲ. ಈ ಹುಡುಗಿಗೆ ಮನೆಯ ಮರ್ಯಾದೆ ತಿಳಿಯುವುದಿಲ್ಲ, ನಾಳೆಯೇ ಸವಡಿಗೆ ಬಿಟ್ಟು ಬಾ, ತಿಳಿದ ಮೇಲೆ ಕರೆತಂದರಾಯಿತು ಎಂದು ಕಾಕಾನಿಗೆ ಹೇಳಿಬಿಟ್ಟ. ಕಾಕಾ ನೆಲ ನೋಡಿದ. ಆ ಕಾಲದಲ್ಲಿ ಹೊಸ ಸೊಸೆಯನ್ನು ಹಾಗೆ ತವರಿಗೆ ಬಿಟ್ಟುಬಂದರೆ ಅವಳ ಗತಿ ಏನೆಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಚಿಗವ್ವನ ಮುಖ ಸುಣ್ಣ ಬಳಿದಂತಾಗಿತ್ತು.

ಆಗ ಆಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಚೀಲವನ್ನು ಗೂಟದಿಂದ ತೆಗೆಯಲಿಲ್ಲ. ನನ್ನನ್ನು ಹತ್ತಿರ ಕರೆದಳು.

“ಗಿರಿಜಿ, ಸಾಲಿ ಕಲ್ತಾಕಿ ನೀನು. ಈ ಎರಡು ಕೈಯಾಗ ಕೊಡೂ ಕೈ ಯಾವುದು, ತಗೊಳ್ಳೂ ಕೈ ಯಾವುದು, ಹೇಳು ನೋಡೋಣು.”

ನಾನು ಬಹಳ ಹೊತ್ತು ನೋಡಿದೆ. ಎರಡೂ ಒಂದೇ ಥರದ ಕೈ, ಒಂದೇ ಥರದ ಹಿಡಿತ.

“ತಿಳಿಯವಲ್ದು ಆಯಿ.”

“ತಿಳಿಯೂದಿಲ್ಲ. ಈ ಮನ್ಯಾಗೂ ಅವತ್ತ ತಿಳಿಲಿಲ್ಲ.”

ಅಜ್ಜ ತಟ್ಟನೆ ತಿರುಗಿದ.

“ನೀ ಸುಮ್ನ ಒಳಗ ನಡಿ.”

“ನಡೀತೇನ್ರಿ. ಹೇಳಿ ನಡೀತೇನಿ. ಕೂಸಿನಂಥಾ ಹುಡಿಗಿನ್ನ ಸುಳ್ಳಿನ ಸಲುವಾಗಿ ತವರಿಗೆ ಅಟ್ಟೂದಾದ್ರ ನಾ ಬಾಯಿ ಮುಚಗೊಂಡ್ ಇರೂದಿಲ್ಲ. ಖಡ್ಗಾ ಯಾರೂ ಕಸಗೊಂಡಿಲ್ಲ. ನಾವ ಕೊಟ್ಟೇವಿ. ನಿಮ್ಮವ್ವನ ನನಗ ಹೇಳ್ಯಾಳ, ನಾ ಕತಿ ಕಟ್ಟಿ ಹೇಳವಲ್ಲೆ.”

ಗೋಡೆಗೆ ಒರಗಿ, ಕೈಯ ಹಿಟ್ಟು ಒಣಗುವವರೆಗೂ ಆಯಿ ಹೇಳಿದಳು. ಮುತ್ತ್ಯಾನ ರಟ್ಟೆಯನ್ನು ನಾಲ್ಕು ಮಂದಿಯೂ ಹಿಡಿಯಲಿಲ್ಲ, ಹತ್ತು ಮಂದಿಯೂ ಹಿಡಿಯಲಿಲ್ಲ. ಸಾಹೇಬನೊಬ್ಬ ದುಭಾಷಿಯನ್ನು ಕೂರಿಸಿಕೊಂಡು ಬಹಳ ಮರ್ಯಾದೆಯಿಂದ ಮಾತಾಡಿದನಂತೆ. ನೀವು ಊರಿಗೆ ದೊಡ್ಡವರು, ನಿಮಗೆ ಯಾಕೆ ಈ ಕಬ್ಬಿಣ ಹೊರುವ ತ್ರಾಸ, ಇನ್ನು ಮೇಲೆ ನಿಮ್ಮನ್ನು ಕಾಯುವುದು ನಮ್ಮ ಕೆಲಸ, ಗದ್ದಲ ತಣ್ಣಗಾದ ಮೇಲೆ ನಿಮ್ಮದು ನಿಮಗೇ. ಮುತ್ತ್ಯಾ ಮನೆಗೆ ಬಂದು, ಖಡ್ಗಕ್ಕೆ ಎಣ್ಣೆ ಹಚ್ಚಿ, ಹೊಸ ಧೋತರದಲ್ಲಿ ಸುತ್ತಿ, ಕುಂಕುಮವಿಟ್ಟು, ತಾನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಒಪ್ಪಿಸಿ ಬಂದ. ಮೊದಲಿಗನಾಗಿ ಬಂದದ್ದಕ್ಕೆ ಸಾಹೇಬ ಅವನ ತಲೆಗೊಂದು ರೇಶಿಮೆ ರುಮಾಲು ಸುತ್ತಿಸಿದ.

“ಆ ರುಮಾಲು ಸುತಗೊಂಡು ಇದ ಓಣ್ಯಾಗ ಹಾದು ಬಂದ. ದೊಡ್ಡವರ ಕೊಟ್ಟಾರಂದ್ರ ನಮ್ಮದೇನಂತ ಓಣಿ ಮಂದಿ ಎಲ್ಲಾ ತಮ್ಮ ತಮ್ಮ ಖಡ್ಗ, ಭರ್ಚಿ ಒಯ್ದು ಒಗದು ಬಂದ್ರು. ಇಮಾಮಸಾಬನ ಮನ್ಯಾಗ ಸಾಣೀಗೆ ಬಂದಿದ್ದನ್ನೂ ಒಯ್ದ್ರು. ಆಮ್ಯಾಲ ಗುಡ್ಡದ ಮ್ಯಾಲ ತೋಪು ಹಾರಿದಾಗ ಈ ಓಣ್ಯಾಗ ಚೂರಿ ಸೈತ ಇರಲಿಲ್ಲ. ಕಾಯ್ತೇವಂದವರ ಲೂಟಿ ಮಾಡಾಕ ಬಂದ್ರು. ಮುತ್ತ್ಯಾ ಬಾಗಲದಾಗ ಅಡ್ಡ ನಿಂತಿದ್ದು ಖರೇನ. ಕೈಯಾಗ ಒನಕಿ ಇತ್ತು.”

ಅಜ್ಜನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಅವನ ಮುಖ ನೋಡಿದವರಿಗೆ ಅದು ತಿಳಿಯುತ್ತಿತ್ತು. ಅವನ ಅವ್ವ ಸೊಸೆಗೆ ಹೇಳಿದ್ದನ್ನು ಮಗನಿಗೆ ಹೇಳದೆ ಬಿಟ್ಟಾಳೆಯೇ? ಅವನು ಮೆಟ್ಟು ಹಾಕಿಕೊಂಡು ಹೊರಗೆ ಹೋದ. ಆಯಿ ಚೀಲವನ್ನು ತೆಗೆದು ಚಿಗವ್ವನ ಕೈಗೆ ಕೊಟ್ಟು, ‘ಚಲೋ ಹೊಲದೀಯವಾ. ಸಂತಿಗೆ ಇದನ್ನ ಒಯ್ಯೋಣು. ಇಲ್ಲೆ ಮಾತ್ರ ಬ್ಯಾಡ’ ಎಂದಳು. ಸವಡಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಂದಿನಿಂದ ಅಜ್ಜ, ಆಯಿ ಇಬ್ಬರಿಗೂ ಮಾತು ಬಂದ್. ಹೇಳಬೇಕಾದದ್ದೆಲ್ಲ ನಮ್ಮ ಮೂಲಕ. ‘ನಿಮ್ಮಜ್ಜಗ ಉಣ್ಣಾಕ ಬಾ ಅನ್ನು’, ‘ನಿಮ್ಮ ಆಯಿಗೆ ಹಸಿವಿಲ್ಲ ಅನ್ನು’ ಎಂದು ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ನನ್ನನ್ನು ನಡುವೆ ನಿಲ್ಲಿಸಿ ಹೇಳುತ್ತಿದ್ದರು. ಹೊರಗಿನವರಿಗೆ ಇದು ತಮಾಷೆ, ನನಗಲ್ಲ. ನನ್ನ ಹೊಟ್ಟೆಯಲ್ಲಿದ್ದ ಕತೆಯನ್ನು ಯಾರೋ ಕೈ ಹಾಕಿ ತೆಗೆದಂತಾಗಿತ್ತು. ಶಾಲೆಯಲ್ಲಿ ‘ಗೂಟದವರ ಗಿರಿಜಾ’ ಎಂದು ಕರೆದರೆ ಈಗ ತಲೆ ಏಳುತ್ತಿರಲಿಲ್ಲ. ಕಸಿದುಕೊಂಡರೆ ಸಿಟ್ಟು ಬರುತ್ತದೆ, ಸಿಟ್ಟಿಗೊಂದು ಸೊಗಸಿದೆ. ಕೊಟ್ಟರೆ ಏನು ಬರಬೇಕು? ಒಂದು ದಿನ ತಾಳಲಾರದೆ ಆಯಿಗೆ ಕೇಳಿದೆ.

“ಕೊಟ್ಟಿದ್ದ ಖರೇ ಅಂದ್ರ ಗೂಟಕ್ಯಾಕ ಪೂಜಿ ಮಾಡ್ತಿ ಆಯಿ? ನೀನ ಹೋಳಗಿ ಎಡಿ ಹಿಡೀತಿ.”

“ನಿಮ್ಮಜ್ಜ ಪೂಜಿ ಮಾಡೂದು ಅದು ಬರತೈತಂತ. ನಾ ಮಾಡೂದು ಅದು ಹ್ಯಾಂಗ ಹೋತಂತ.”

ಆ ವರ್ಷ ಮಾನೌಮಿ ಬಂದಾಗ ಗೂಟಗಳಿಗೆ ವಿಭೂತಿ ಹಚ್ಚಲು ಅಜ್ಜ ಏಳಲಿಲ್ಲ. ಆಯಿ ಚಿಗವ್ವನ ಕೈಯಲ್ಲಿ ಹಚ್ಚಿಸಿದಳು. ಮರುದಿನ ಸಂಜೆ ಎಂದಿನಂತೆ ಬನ್ನಿ ಹಿಡಿದು ಮಂದಿ ಬಂದರು. ‘ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ್ರಿ’ ಎಂದು ಹಿರಿಯರ ಕಾಲು ಮುಟ್ಟಿ, ಪಡಸಾಲೆಯಲ್ಲಿ ಕೂತರು. ಯಾವಗಲ್ ಊರಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಕಿರಿಯ ಮಾಸ್ತರರೊಬ್ಬರು ಆ ಗೂಟಗಳನ್ನು ನೋಡಿ, ‘ಅಜ್ಜಾರ, ನಿಮ್ಮ ಬಾಯಿಂದ ಕತಿ ಕೇಳಬೇಕಂತ ಬಂದೇನ್ರಿ’ ಎಂದರು. ಮಂದಿ ಸರಿದು ಕೂತರು. ಅಡುಗೆಮನೆಯ ಬಾಗಿಲಲ್ಲಿ ಆಯಿ ಬಂದು ನಿಂತದ್ದು ನನಗೆ ಕಂಡಿತು. ಇವತ್ತು ಅಜ್ಜ ಹಳೆಯ ಕತೆಯನ್ನೇ ಹೇಳಿದರೆ ಈ ಇಬ್ಬರ ನಡುವೆ ಮಾತು ಇನ್ನೆಂದೂ ಹುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಹೊಸದನ್ನು ಹೇಳಿದರೆ ಊರ ಮುಂದೆ ಅಜ್ಜನ ತಲೆ ಉಳಿಯುವುದಿಲ್ಲ. ಎರಡರಲ್ಲಿ ಯಾವುದಾಗಲಿ ಎಂದು ಬೇಡಿಕೊಳ್ಳಬೇಕೆಂದು ತಿಳಿಯದೆ ನಾನು ಕಂಬ ಹಿಡಿದು ನಿಂತಿದ್ದೆ.

ಅಜ್ಜ ಮಾಸ್ತರರ ಕಡೆ ನೋಡಲಿಲ್ಲ, ಇಮಾಮಸಾಬ ಕಾಕಾನ ಕಡೆ ನೋಡಿದ.

“ಕೇಳಿದ್ರು. ಕೊಟ್ವಿ.”

ಅಷ್ಟೇ ಹೇಳಿ ನಿಲ್ಲಿಸಿದ. ಮತ್ತೆ ಹೇಳಿದ.

“ನಾವ ಮೊದಲ ಕೊಟ್ವಿ. ನಮ್ಮನ್ನ ನೋಡಿ ಓಣಿ ಕೊಟ್ಟಿತು. ನಿಮ್ಮ ಮನಿ ಕೆಲಸಾ ಹೋಗಿದ್ದ ನಮ್ಮಿಂದ, ಇಮಾಮಸಾಬ.”

ಇಮಾಮಸಾಬ ಕಾಕಾ ತಲೆ ಎತ್ತಿದರು.

“ನಮ್ಮ ಮನ್ಯಾಗೂ ಹಿರ್ಯಾರು ಹಿಂಗ ಹೇಳ್ತಿದ್ರು ಅಣ್ಣಾರ.”

“ಗೊತ್ತಿದ್ದು ಇಷ್ಟ್ ವರ್ಷ ಸುಮ್ಮಕ ಕುಂತು ಕೇಳಿದಿ?”

“ನಿಮ್ಮ ಬಾಯಿಂದ ಬರಲಿ ಅಂತ ಕುಂತಿದ್ದೆ. ಇವತ್ತ ಬಂತು. ಆತ್ ಬಿಡ್ರಿ, ಬನ್ನಿ ತಗೋರಿ.”

ಇಬ್ಬರೂ ಬನ್ನಿ ಕೊಟ್ಟು ತೆಗೆದುಕೊಂಡರು. ಅಜ್ಜನ ತಲೆ ಎಲ್ಲಿಗೂ ಹೋಗಲಿಲ್ಲ. ಆಯಿ ಬಾಗಿಲಿನಿಂದಲೇ, ನನ್ನನ್ನು ನಡುವೆ ನಿಲ್ಲಿಸದೆ, ‘ಹೋಳಗಿ ಆರಾಕತ್ತಾವ, ಎಲ್ಲಾರನ್ನೂ ಏಳಸ್ರಿ’ ಎಂದಳು. ಅಜ್ಜ ‘ಹೂಂ’ ಎಂದ. ಆ ‘ಹೂಂ’ ಕೇಳಿ ನಾನು ಹಿತ್ತಲಿಗೆ ಓಡಿಹೋಗಿ ಅತ್ತೆ.

ಅಜ್ಜ ಆಮೇಲೂ ರೇಡಿಯೋ ಕೇಳಿದ, ಬೆಲ್ಲವನ್ನೂ ಹಂಚಿದ. ಆದರೆ ಹಂಚುವ ಮೊದಲು ಒಂದು ಕ್ಷಣ ತಡೆದು, ಯಾರಿಗೆಂದಿಲ್ಲದೆ ಕೇಳುತ್ತಿದ್ದ: ‘ಇವರದು ಕಸಗೊಂಡಿದ್ರೋ, ಇವರ ಕೊಟ್ಟಿದ್ರೋ?’ ನನ್ನ ತಮ್ಮನಿಗೆ ಬೆಲ್ಲ ತಡವಾಗುತ್ತದೆಂದು ಸಿಟ್ಟು. ನನಗೆ ಆ ಪ್ರಶ್ನೆ ಬೆಲ್ಲಕ್ಕಿಂತ ಹೆಚ್ಚು ದಿನ ಬಾಯಲ್ಲಿ ಉಳಿಯಿತು. ರೋಣದಲ್ಲಿ ಪಾಠ ಹೇಳುವಾಗ ಪ್ರತಿ ವರ್ಷ ಯಾರಾದರೊಬ್ಬ ಚುರುಕು ವಿದ್ಯಾರ್ಥಿ ಎದ್ದು, ಅಷ್ಟು ದೂರದಿಂದ ಬಂದ ಅಷ್ಟು ಕಡಿಮೆ ಮಂದಿ ಇಷ್ಟು ದೊಡ್ಡ ದೇಶವನ್ನು ಹೇಗೆ ಆಳಿದರು ಎಂದು ಕೇಳುತ್ತಿದ್ದ. ಪುಸ್ತಕದಲ್ಲಿ ತೋಪು, ಹಡಗು, ರೈಲಿನ ಉತ್ತರವಿತ್ತು. ಅದನ್ನು ಹೇಳಿ ಮುಗಿಸಿ, ನಾನು ನಮ್ಮ ಮನೆಯ ರುಮಾಲಿನ ಕತೆ ಹೇಳುತ್ತಿದ್ದೆ. ಪರೀಕ್ಷೆಗೆ ಅದು ಬರುತ್ತಿರಲಿಲ್ಲ. ಆದರೂ ಹುಡುಗರು ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತಿದ್ದದ್ದು ಅದೊಂದನ್ನೇ.

ಈಗ ನಾನು ಟೀವಿಯ ಮುಂದೆ ಕೂತು ಬೈಯುವ ಮುದುಕಿ. ಬೈಯಲು ಸರಕು ಸಾಕಷ್ಟಿದೆ. ಒಬ್ಬ ದೊಡ್ಡವನು ನೆರೆಯ ದೇಶದ ನೆಲಕ್ಕೆ ಸೈನ್ಯ ನುಗ್ಗಿಸಿ, ಅದು ಮೊದಲಿನಿಂದ ನಮ್ಮದೇ ಎನ್ನುತ್ತಾನೆ. ಇನ್ನೊಬ್ಬ ದೊಡ್ಡವನು ದೂರದ ನಡುಗಡ್ಡೆಯೊಂದನ್ನು ಬೆರಳಿಟ್ಟು ತೋರಿಸಿ, ಲೋಕದ ರಕ್ಷಣೆಗೆ ಅದು ನಮಗೆ ಬೇಕು, ಕೊಟ್ಟರೆ ಒಳ್ಳೆಯದು ಎನ್ನುತ್ತಾನೆ. ಮತ್ತೊಬ್ಬ ಬಡ ದೇಶಗಳಿಗೆ ಬಂದರು ಕಟ್ಟಿಕೊಟ್ಟು, ಆಮೇಲೆ ತಲೆಮಾರುಗಟ್ಟಲೆ ಅದನ್ನು ತಾನೇ ಇಟ್ಟುಕೊಳ್ಳುತ್ತಾನೆ. ನಾನು ಕಲಿಸುತ್ತ ಬಂದ ನಕಾಶೆಯ ಗೆರೆಗಳನ್ನು ಯಾರೋ ಎಂಜಲು ಬೆರಳಿನಿಂದ ಅಳಿಸುವುದನ್ನು ನೋಡಿದಂತಾಗುತ್ತದೆ. ನುಗ್ಗುವವನನ್ನು ನೋಡಿದರೆ ಸಿಟ್ಟು ಬರುತ್ತದೆ, ಆದರೆ ನಿಜವಾದ ಹೆದರಿಕೆ ನನಗೆ ಮರ್ಯಾದೆಯಿಂದ ಮಾತಾಡುವವನದು. ನಿಮ್ಮನ್ನು ಕಾಯುತ್ತೇವೆ ಎನ್ನುವವನದು. ಒಂದು ದೇಶ ಆ ಮಾತನ್ನು ನಂಬಿ ತನ್ನ ಆಯುಧಗಳನ್ನು ತಾನೇ ಒಪ್ಪಿಸಿತ್ತು ಎಂದು ಒಮ್ಮೆ ವಾರ್ತೆಯಲ್ಲಿ ಹೇಳಿದಾಗ ನಾನು ತಟ್ಟೆಯನ್ನು ಕೆಳಗಿಟ್ಟುಬಿಟ್ಟೆ. ಬಿಳಿಯರು ಹೋಗುವಾಗ ರೈಲು ಬಿಟ್ಟು ಹೋದರು, ಕಚೇರಿ ಬಿಟ್ಟು ಹೋದರು ಎಂದು ಪಟ್ಟಿ ಮಾಡುವವರಿದ್ದಾರೆ. ಅವರು ಬಿಟ್ಟು ಹೋದದ್ದರಲ್ಲಿ ದೊಡ್ಡದು, ದೊಡ್ಡವರ ಕೈಯಿಂದ ರುಮಾಲು ಸುತ್ತಿಸಿಕೊಳ್ಳುವ ನಮ್ಮ ಆಸೆ ಎಂದು ನನಗೆ ಅನ್ನಿಸುತ್ತದೆ. ಅದು ನನ್ನಲ್ಲೂ ಇದೆ. ಹೊರಗಿನ ಯಾವನೋ ನಮ್ಮನ್ನು ಹೊಗಳಿದ ಎಂದು ಟೀವಿ ಹೇಳಿದರೆ ನನ್ನ ಬೆನ್ನೂ ನೆಟ್ಟಗಾಗುತ್ತದೆ.

ನರಗುಂದದ ಹಳೆಯ ಮನೆ ಈಗಿಲ್ಲ. ತಮ್ಮ ಅದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ. ಸಿಮೆಂಟು ಗೋಡೆಯಲ್ಲಿ ಮರದ ಗೂಟ ನಿಲ್ಲುವುದಿಲ್ಲ ಎಂದು ಗೌಂಡಿ ಎಷ್ಟು ಹೇಳಿದರೂ, ಚಿಗವ್ವ ಇಟ್ಟಿಗೆಯ ರಾಶಿಯ ಮೇಲೆ ಕೂತು, ಗೂಟ ಕೂರುವವರೆಗೆ ಏಳಲಿಲ್ಲವಂತೆ. ಆ ಪೀಳಿಗೆಯಲ್ಲಿ ಉಳಿದವಳು ಅವಳೊಬ್ಬಳೇ. ಕಳೆದ ಮಾನೌಮಿಗೆ ನಾನು ರೋಣದಿಂದ ಬಸ್ಸು ಹತ್ತಿ, ಬೆಳವಣಕಿ ದಾಟಿ, ಹೂರಣ ರುಬ್ಬುವ ಹೊತ್ತಿಗೆ ನರಗುಂದ ಮುಟ್ಟಿದೆ. ಹೊಸ ಪಡಸಾಲೆಯ ಗೋಡೆಯಲ್ಲಿ ಅವೇ ಕಪ್ಪು ಗೂಟಗಳು. ಒಂದರ ಮೇಲೆ ತಮ್ಮನ ಮೊಮ್ಮಗಳು ಫೋನಿನ ಚಾರ್ಜರ್ ತೂಗುಬಿಟ್ಟಿದ್ದಳು. ಚಿಗವ್ವ ವಿಭೂತಿ ಹಿಡಿದು ಬಂದವಳು ಅದನ್ನು ಕಂಡಳು. ಅವಳು ಕೂಗಲಿಲ್ಲ. ಮೆಲ್ಲಗೆ ವಯರನ್ನು ಬಿಡಿಸಿ, ಸುತ್ತಿ, ಹುಡುಗಿಯ ಕೈಗೆ ಕೊಟ್ಟಳು.

“ಚಲೋ ಸಾಮಾನ ಐತವಾ. ಇಲ್ಲೆ ಮಾತ್ರ ಬ್ಯಾಡ.”

ಆಯಿಯ ಮಾತು ಅವಳ ಬಾಯಲ್ಲಿ ಅಷ್ಟು ವರ್ಷ ಕೆಡದೆ ಉಳಿದಿತ್ತು. ಟೀವಿ ಹಚ್ಚೇ ಇತ್ತು. ಸೂಟು ತೊಟ್ಟ ಇಬ್ಬರು ಮುಖ್ಯಸ್ಥರು ಬಾವುಟಗಳ ಮುಂದೆ ನಿಂತು, ಫೋಟೋದವರಿಗಾಗಿ ಕೈ ಹಿಡಿದುಕೊಂಡೇ ನಗುತ್ತಿದ್ದರು. ಒಬ್ಬನು ಕಾವಲು ಕೊಡುವವನಂತೆ, ಇನ್ನೊಬ್ಬನು ನೆಲದೊಳಗಿನ ಖನಿಜ ಕೊಡುವವನಂತೆ. ಚಿಗವ್ವ ಕನ್ನಡಕ ಏರಿಸಿ ನೋಡಿದಳು. ನನ್ನ ಕಡೆ ತಿರುಗಿ ಒಂದು ನಗೆ ನಕ್ಕು, ಹುಡುಗಿಗೆ ಕೇಳಿದಳು.

“ಕೊಡೂ ಕೈ ಯಾವುದು, ತಗೊಳ್ಳೂ ಕೈ ಯಾವುದು, ಹೇಳು ನೋಡೋಣು.”

ಹುಡುಗಿ ಟೀವಿಯ ಹತ್ತಿರ ಹೋಗಿ ನೋಡಿದಳು. ಬಲಗಡೆಯವನದು ಎಂದಳು, ಅಲ್ಲ ಎಡಗಡೆಯವನದು ಎಂದಳು, ಕೊನೆಗೆ ತಿಳಿಯುವುದಿಲ್ಲ ಎಂದಳು. ಆಮೇಲೆ ಚಿಗವ್ವ ಅವಳನ್ನು ಗೂಟದ ಮುಂದೆ ನಿಲ್ಲಿಸಿಕೊಂಡು, ಖಡ್ಗದ ಕತೆಯನ್ನು ಆಯಿ ಹೇಳಿದ ಹಾಗೆಯೇ ಹೇಳಿದಳು; ಧೋತರ, ಕುಂಕುಮ, ರುಮಾಲು, ಒನಕೆ, ಒಂದನ್ನೂ ಬಿಡಲಿಲ್ಲ. ತನ್ನ ಚೀಲವನ್ನೂ ಬಿಡಲಿಲ್ಲ. ಹುಡುಗಿ ಕೇಳಿದಳು.

“ಮತ್ತ ಯಾರರ ಬಂದು ಕೇಳಿದ್ರ, ಅಜ್ಜಿ?”

“ಕೇಳ್ತಾರವಾ. ಅವತ್ತೂ ಚಂದಾಗೇ ಕೇಳಿದ್ರು.”

ಚಿಗವ್ವ ಮೊದಲ ಗೂಟಕ್ಕೆ ಕುಂಕುಮ ಹಚ್ಚಿದಳು. ಎರಡನೆಯದಕ್ಕೆ ಹಚ್ಚಲು ಹುಡುಗಿಯ ಬೆರಳನ್ನೇ ಭರಣಿಯಲ್ಲಿ ಅದ್ದಿ, ಅದನ್ನು ಹಿಡಿದು ಖಾಲಿ ಗೂಟದ ತುದಿಗೆ ಒತ್ತಿದಳು.

“ಕೊಡೂ ಮುಂಚೆ ಇದನ್ನೊಮ್ಮೆ ಮುಟ್ಟಿ ನೋಡು.”